ಅವ್ವನ ಹೆಬ್ಬೆರಳು ಬರೀ ತಣ್ಣಗಿತ್ತು

ಡೊಂಬಿವಲಿ ಸ್ಟೇಷನ್ನಿನ ಬ್ರಿಡ್ಜ್ ಇಳಿದು ನೋಡ್ತೀನಿ, ಅವ್ವನ ಬಲಗಾಲಲ್ಲಿ ಚಪ್ಪಲಿಯೇ ಇಲ್ಲ. ಹತ್ತು ಮೆಟ್ಟಿಲು ಮೇಲೆ ಬಿದ್ದಿತ್ತು. ಅವಳಿಗೆ ಗೊತ್ತೇ ಆಗಿರಲಿಲ್ಲ. "ಕಾಲಿಗೆ ಹತ್ತಿ ಸುತ್ತಿದಂಗ ಆಗೈತಿ ನೋಡವಾ" ಅಂದಳು.

ಎರಡು ತಿಂಗಳ ಹಿಂದೆಯೇ ಸೊಂಟದ ಎಂಆರ್‌ಐ ಆಗಿತ್ತು. ಡಿಸ್ಕ್ ಸ್ವಲ್ಪ ಉಬ್ಬಿದೆ ಅಂತ ಒಬ್ಬರು ಬೆಲ್ಟ್ ಕೊಟ್ಟಿದ್ದರು. 68ರ ವಯಸ್ಸಿಗೆ ಅಷ್ಟು ಉಬ್ಬು ಬಹಳ ಜನಕ್ಕೆ ಇರುತ್ತದಂತೆ. ಬೆಲ್ಟ್ ಕಟ್ಟಿಕೊಂಡರೂ ನಡಿಗೆ ಸುಧಾರಿಸಲಿಲ್ಲ. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದರೆ ಸಾಕು, ವಾಲುತ್ತಿದ್ದಳು. ನಾವು ಬಿಪಿ ಇರಬೇಕು ಅಂದುಕೊಂಡೆವು.

ಠಾಣೆಯ ನರರೋಗದ ಡಾಕ್ಟರು ಫೈಲು ಬಿಚ್ಚಲೇ ಇಲ್ಲ. ಪಾದ ಜೋಡಿಸಿ ನಿಲ್ಲಿಸಿ, "ಆಜಿ, ಡೋಳೆ ಮಿಟಾ" ಅಂದರು. ಕಣ್ಣು ಮುಚ್ಚಿದ ಅವ್ವ ವಾಲಿದಳು, ನಾನು ಹಿಡಿದೆ. ಆಮೇಲೆ ಟ್ಯೂನಿಂಗ್ ಫೋರ್ಕ್ (ತಟ್ಟಿದರೆ ನಡುಗುತ್ತಾ ಗುಂಯ್‌ಗುಡುವ ಲೋಹದ ಕವಲು) ತಟ್ಟಿ ಅವಳ ಕಾಲಿನ ಹೆಬ್ಬೆರಳಿನ ಮೂಳೆಗೆ ಇಟ್ಟರು. ಏನನ್ನಿಸುತ್ತೆ ಅಂತ ಕೇಳಿದರೆ "ತಣ್ಣಗೈತಿ" ಅಂದಳು. ಅಷ್ಟೇ. ಕೈಬೆರಳಿಗೆ ಇಟ್ಟಾಗ ಬೆಚ್ಚಿದಳು: "ಗುಂಯ್ ಅಂತೈತಲ್ಲಾ!"

ನಡುಕದ ಸುದ್ದಿ, ಕಾಲು ಎಲ್ಲಿದೆ ಅನ್ನೋ ಸುದ್ದಿ, ಇವೆರಡೂ ಮೆದುಳಿಗೆ ಹೋಗೋದು ಬೆನ್ನುಹುರಿಯ ಹಿಂಭಾಗದ ನರಗಳಿಂದ. ಬಿಸಿ, ತಣ್ಣನೆಯ ಸುದ್ದಿಗೆ ದಾರಿಯೇ ಬೇರೆ. ವಿಟಮಿನ್ ಬಿ12 ತೀರಾ ಕಡಿಮೆಯಾದರೆ ಆ ಹಿಂಭಾಗದ ನರಗಳ ಮೇಲಿನ ಮಯಲಿನ್ ಅನ್ನೋ ರಕ್ಷಣೆಯ ಪದರ ಹಾಳಾಗುತ್ತೆ.

"ಥೈರಾಯ್ಡ್ ಇದೆಯಾ?" ಅಂತ ಕೇಳಿದರು. ಇತ್ತು, ಹನ್ನೆರಡು ವರ್ಷದಿಂದ. ಹಾಶಿಮೊಟೊ. ಈ ಕಾಯಿಲೆಯಲ್ಲಿ ಮೈಯ ರಕ್ಷಣೆಗೆ ಇರುವ ಶಕ್ತಿಯೇ ಥೈರಾಯ್ಡ್ ಗ್ರಂಥಿಯ ಮೇಲೆ ತಿರುಗಿ ಬೀಳುತ್ತೆ. ಕೆಲವರಲ್ಲಿ ಅದು ಹೊಟ್ಟೆಯ ಒಳಪದರವನ್ನೂ ಬಿಡೋದಿಲ್ಲ. ಆಗ ಏನು ತಿಂದರೂ ಅದರಲ್ಲಿನ ಬಿ12 ಮೈಗೆ ಹತ್ತೋದು ಕಷ್ಟ. ಅವ್ವನ ಬಿ12 ಇದ್ದದ್ದು 98. ಸಾಮಾನ್ಯವಾಗಿ 200ಕ್ಕಿಂತ ಜಾಸ್ತಿ ಇರಬೇಕು. ಥೈರಾಯ್ಡ್ ಹಾರ್ಮೋನು ಸಾಲದಾದಾಗ ರಕ್ತದಲ್ಲಿ ಏರುವ ಟಿಎಸ್‌ಎಚ್ 18, ಅದು 4ರ ಆಸುಪಾಸು ದಾಟಬಾರದು. ಥೈರಾಯ್ಡ್ ಹಾರ್ಮೋನು ಕಡಿಮೆಯಾದರೆ ಅದೊಂದರಿಂದಲೇ ಕೈಕಾಲು ಜೋಮು ಹಿಡಿಯಬಹುದು, ಸ್ನಾಯು ಬಿಗಿಯಬಹುದು. ಅವಳು ಥೈರಾಯ್ಡ್ ಗುಳಿಗೆ ನುಂಗುತ್ತಿದ್ದದ್ದು ಬೆಳಗಿನ ಚಹಾದ ಜೊತೆಗೇ. ಹಾಗೆ ತಗೊಂಡರೆ ಅದು ಪೂರ್ತಿ ಮೈಗೆ ಸೇರಲ್ಲ ಅಂತ ನಮಗ್ಯಾರಿಗೂ ತಿಳಿದಿರಲಿಲ್ಲ.

ಇಷ್ಟು ವರ್ಷ ರಕ್ತ ಕೊಟ್ಟಾಗಲೆಲ್ಲ ಟಿಎಸ್‌ಎಚ್ ಒಂದನ್ನೇ ನೋಡಿದೆವು. ಬಿ12 ಒಮ್ಮೆಯೂ ನೋಡಲಿಲ್ಲ. ಅದು ಈಗಲೂ ಚುಚ್ಚುತ್ತೆ. ಮೊದಲೇ ಗೊತ್ತಾಗಿದ್ದರೆ ಅವ್ವನಿಗೆ ಇಷ್ಟು ಕಷ್ಟ ಇರುತ್ತಿರಲಿಲ್ಲ. ಈ ನರಗಳು ತಡವಾದಷ್ಟೂ ಪೂರ್ತಿ ಚೇತರಿಸಿಕೊಳ್ಳೋದು ಕಷ್ಟ. ನಿಮ್ಮ ಮನೆಯಲ್ಲಿ ಥೈರಾಯ್ಡ್ ಇರುವವರ ಕಾಲು ಜೋಮು ಹಿಡಿಯುತ್ತಿದ್ದರೆ ದಯವಿಟ್ಟು ಡಾಕ್ಟರ ಹತ್ತಿರ ಬಿ12 ಬಗ್ಗೆಯೂ ಕೇಳಿ.

ಬಿ12ರ ಮೊದಲ ಇಂಜೆಕ್ಷನ್ನಿನ ದಿನ ಸಿರಿಂಜಿನ ಕೆಂಪು ನೀರು ನೋಡಿ ಅವ್ವ "ಕುಂಕುಮ ಕದಡಿದಂಗ ಐತಿ" ಅಂದಳು. ಈಗ ಮನೆಯಲ್ಲಿ ಐದೂವರೆಗೆ ಅಲಾರಂ, ಗುಳಿಗೆ. ಚಹಾ ಆರೂವರೆಗೆ.

ನಾಲ್ಕು ತಿಂಗಳಾದ ಮೇಲೆ ಅದೇ ಫೋರ್ಕ್ ಮತ್ತೆ ಇಟ್ಟರು. ಬಲಗಾಲಿಗೆ ಸಣ್ಣಗೆ ಗುಂಯ್ ಅಂತಂತೆ. ಎಡಗಾಲು ಇನ್ನೂ ಬರೀ ತಣ್ಣಗೆ. ಇಂಜೆಕ್ಷನ್ ಈಗ ತಿಂಗಳಿಗೊಂದು.