ಜಿಸ್ಟ್ ಗಡ್ಡೆ ಯಾರಿಗೆ ಬರುತ್ತದೆ?

ಜಿಸ್ಟ್ ಎಂದರೆ ಜಠರ, ಕರುಳಿನ ಗೋಡೆಯಲ್ಲಿ ಬೆಳೆಯುವ ಒಂದು ಬಗೆಯ ಕ್ಯಾನ್ಸರ್ ಗಡ್ಡೆ. ಖಾರದ ಊಟ, ಸಿಗರೇಟು, ಮದ್ಯ: ಇವು ಯಾವುವೂ ಜಿಸ್ಟ್‌ಗೆ ಕಾರಣವೆಂದು ಸಾಬೀತಾಗಿಲ್ಲ. (ಹಾಗಂತ ಸಿಗರೇಟಿಗೆ ಇದು ಪರವಾನಗಿ ಅಲ್ಲ.) ಜಠರ, ಕರುಳಿನ ಚಲನೆಯ ಲಯ ಕಾಯುವ ಕಹಾಲ್ ಕೋಶಗಳಲ್ಲಿ, ಇಲ್ಲವೇ ಅವುಗಳ ಮೂಲಕೋಶಗಳಲ್ಲಿ, ಕಿಟ್ ಜೀನ್ ಕೆಟ್ಟು ಬೆಳೆಯುವ ಸೂಚನೆ ನಿಲ್ಲದೇ ಹೋಗುವುದೇ ಬಹುಪಾಲು ಪ್ರಕರಣಗಳ ಮೂಲ. ಈ ದೋಷ ಸಾಮಾನ್ಯವಾಗಿ ಗಡ್ಡೆಯೊಳಗಷ್ಟೇ ಇರುತ್ತದೆ, ಮಕ್ಕಳಿಗೆ ದಾಟುವುದಿಲ್ಲ. 50 ದಾಟಿದವರಲ್ಲೇ ಹೆಚ್ಚು.

ವಂಶಪಾರಂಪರ್ಯದ ಜಿಸ್ಟ್ ಅಪರೂಪ, ಆದರೆ ಕಣ್ತಪ್ಪುವುದು ಅಲ್ಲೇ. ವಯಸ್ಕರ ಮೈಮೇಲೆ 15 ಮಿ.ಮೀ.ಗಿಂತ ದೊಡ್ಡದಾದ, ಹಾಲುಕಾಫಿ ಬಣ್ಣದ ಮಚ್ಚೆಗಳು 6 ಅಥವಾ ಹೆಚ್ಚಿದ್ದರೆ ನ್ಯೂರೋಫೈಬ್ರೊಮಟೋಸಿಸ್ 1 (ನರಗಳ ಮೇಲೆ ಗಂಟುಗಳಾಗುವ ಆನುವಂಶಿಕ ಕಾಯಿಲೆ) ಇದೆಯೇ ನೋಡಬೇಕು. ಇವರಿಗೆ ಸಣ್ಣಕರುಳಿನಲ್ಲಿ ಹಲವು ಗಡ್ಡೆಗಳಾಗಬಹುದು. ಅವುಗಳಲ್ಲಿ ಸಾಮಾನ್ಯವಾಗಿ ಕಿಟ್ ದೋಷವಿರದ ಕಾರಣ ಕಿಟ್ ಸೂಚನೆಯನ್ನು ತಡೆಯುವ ಇಮಾಟಿನಿಬ್ ಮಾತ್ರೆ ಅಷ್ಟಾಗಿ ಫಲ ಕೊಡದು.

ಎಳೆಯರ, ಅದರಲ್ಲೂ ಹುಡುಗಿಯರ ಜಠರದ ಜಿಸ್ಟ್ ಬೇರೆಯೇ ಜಾತಿ. ಬಯಾಪ್ಸಿ ತುಂಡಿಗೆ ಎಸ್‌ಡಿಎಚ್‌ಬಿ ಎಂಬ ಪ್ರೋಟೀನಿನ ಪರೀಕ್ಷೆ ಮಾಡಿಸಿ. ಆ ಪ್ರೋಟೀನ್ ಕಾಣೆಯಾಗಿದ್ದರೆ ರಕ್ತದ ಜೀನ್ ಪರೀಕ್ಷೆ ಅಗತ್ಯ, ದೋಷ ಸಿಕ್ಕರೆ ಒಡಹುಟ್ಟಿದವರಿಗೂ. ಇಂಥವರಲ್ಲಿ ಅಡ್ರಿನಲಿನ್ ಥರದ ಹಾರ್ಮೋನ್ ಸುರಿಸಬಲ್ಲ ಪ್ಯಾರಾಗ್ಯಾಂಗ್ಲಿಯೋಮ ಎಂಬ ಗಡ್ಡೆಯೂ ಇರಬಹುದು. ಅದು ಗೊತ್ತಾಗದೆ ಅರಿವಳಿಕೆ ಕೊಟ್ಟರೆ ರಕ್ತದೊತ್ತಡ ಒಮ್ಮೆಲೇ ಏರಿ ಪ್ರಾಣಕ್ಕೇ ಕುತ್ತು. ಹಾಗಾಗಿ ಶಸ್ತ್ರಚಿಕಿತ್ಸೆಗೆ ಮುಂಚೆಯೇ ಮೆಟಾನೆಫ್ರಿನ್ (ಆ ಹಾರ್ಮೋನ್ ಒಡೆದು ಆಗುವ ವಸ್ತು) ಮಟ್ಟ ನೋಡಿಸಬೇಕು.