ಅಜ್ಜನ ಪ್ರಸಂಗ ಪುಸ್ತಕಗಳು, ಹಳೆಯ ಉಬುಂಟು: ಮೂರನೇ ವಾರ

ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆ ಕಳೆಯಿತು. ಮೇಳದವರು ಗೆಜ್ಜೆ ಬಿಚ್ಚಿದರು, ಇನ್ನು ಮಳೆಗಾಲವಿಡೀ ತಾಳಮದ್ದಳೆ, ವೇಷ ಕುಣಿತವಿಲ್ಲದೆ ಕೂತು ನಡೆಸುವ ಹಾಡು ಮಾತು. ಅಟ್ಟದ ಪೆಟ್ಟಿಗೆಯಲ್ಲಿದ್ದ, ಯಕ್ಷಗಾನದ ಪದ್ಯಗಳಿರುವ ಅಜ್ಜನ ಪ್ರಸಂಗ ಪುಸ್ತಕಗಳನ್ನು ದೊಡ್ಡ ಅಕ್ಷರದಲ್ಲಿ ಮಾಡಿಕೊಡುತ್ತೇನೆ ಎಂದು ಚಿಕ್ಕಪ್ಪನಿಗೆ ಮಾತು ಕೊಟ್ಟಿದ್ದೇನೆ. ಅವರು ಪದ್ಯ ಹಾಡುವ ಭಾಗವತರು, ಈಗ ಕಣ್ಣು ಮಂಜಾಗಿದೆ. ಪುಸ್ತಕಗಳೆಲ್ಲ ಮೊಳೆ ಜೋಡಿಸಿ ಅಚ್ಚು ಹಾಕಿದ ಕಾಲದವು. ಅಂಚನ್ನು ಗೆದ್ದಲು ತಿಂದಿದೆ. ಮೊದಲ ಪುಸ್ತಕದ 64 ಪುಟ ಕಳೆದ ವಾರವೇ ಸ್ಕ್ಯಾನ್ ಆಯಿತು.

ಈ ವಾರದ ಕೆಲಸ ಟೆಸೆರಾಕ್ಟ್, ಅಂದರೆ ಚಿತ್ರದಲ್ಲಿರುವ ಅಕ್ಷರವನ್ನು ಓದಿ ಪಠ್ಯ ಮಾಡಿಕೊಡುವ ಪ್ರೋಗ್ರಾಂ. ಮನೆಯಲ್ಲಿರುವುದು ಒಂದೇ ಲ್ಯಾಪ್‌ಟಾಪ್, ಅದರಲ್ಲಿ ಉಬುಂಟು ಎಂಬ ಲಿನಕ್ಸ್, ಹಳೆಯ 16.04 ಆವೃತ್ತಿ. ಸ್ಕ್ಯಾನರ್‌ನ ಡ್ರೈವರ್ ಇದರಲ್ಲಿ ಬಿಟ್ಟರೆ ಬೇರೆಯದರಲ್ಲಿ ಓಡುವುದಿಲ್ಲ, ಹಾಗಾಗಿ ಬದಲಾಯಿಸಲಿಲ್ಲ. ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಓದಿದ ನಮಗೆ ಲಿನಕ್ಸ್ ಹೊಸದಲ್ಲ, ಕೇರಳದ ಶಾಲೆಗಳಲ್ಲಿ ಕಂಪ್ಯೂಟರ್ ಪಾಠ ಅದರಲ್ಲೇ ಅಲ್ವಾ. ಸೋರ್ಸ್‌ನಿಂದ ಬಿಲ್ಡ್ ಮಾಡುವುದು, ಅಂದರೆ ಮೂಲ ಕೋಡ್‌ನಿಂದ ನಾವೇ ಪ್ರೋಗ್ರಾಂ ಕಟ್ಟಿಕೊಳ್ಳುವುದು ಮಾತ್ರ ನನಗೆ ಇದೇ ಮೊದಲು.

16.04ರ ಜೊತೆಗೆ ಬರುವ ಟೆಸೆರಾಕ್ಟ್ 3.04 ನಮ್ಮ ಒತ್ತಕ್ಷರಗಳಿಗೆ ಸಾಲದು. 2018ರಲ್ಲಿ ಬಂದ 4ನೇ ಆವೃತ್ತಿ ಒಂದೊಂದೇ ಅಕ್ಷರ ಕತ್ತರಿಸಿ ನೋಡುವ ಬದಲು ಇಡೀ ಸಾಲನ್ನು ಓದುತ್ತದೆ, ಕನ್ನಡಕ್ಕೆ ಅದರಿಂದ ಬಹಳ ಅನುಕೂಲ. 5ನೆಯದಕ್ಕೆ ಸಿ++ ಭಾಷೆಯ ಹೊಸ ರೂಪವಾದ ಸಿ++17 ಬೇಕು, ಇಲ್ಲಿರುವ ಕಂಪೈಲರ್ (ಕೋಡನ್ನು ಪ್ರೋಗ್ರಾಂ ಮಾಡುವ) ಜಿಸಿಸಿ 5.4ಕ್ಕೆ ಅದು ಪೂರ್ತಿ ಗೊತ್ತಿಲ್ಲ. ಹಾಗಾಗಿ 4.1ರ ಸೋರ್ಸ್ ಹಿಡಿದೆ.

ಶನಿವಾರ. ಕಟ್ಟಲು ಬೇಕಾದದ್ದೆಲ್ಲ ಇದೆಯೇ ಎಂದು ನೋಡುವ ಕಾನ್ಫಿಗರ್ ಹಂತದಲ್ಲೇ ಏನೋ ಸಿಂಟ್ಯಾಕ್ಸ್ ತಪ್ಪು ಎಂದು ನಿಂತಿತು. ಆಟೋಕಾನ್ಫ್-ಆರ್ಕೈವ್ ಎಂಬ ಪ್ಯಾಕೇಜ್ ಇರಲಿಲ್ಲ, ಹಾಕಿದೆ, ಮುಂದೆ ಹೋಯಿತು. ಆಮೇಲೆ ಬಂದದ್ದು ನಿಜವಾದ ತಕರಾರು: ಚಿತ್ರಗಳನ್ನು ಓದಿಕೊಡುವ ಲೈಬ್ರರಿ ಲೆಪ್ಟೋನಿಕಾ 1.74 ಅಥವಾ ಅದಕ್ಕಿಂತ ಹೊಸದು ಬೇಕು, ಲಿಬ್‌ಲೆಪ್ಟೋನಿಕಾ-ಡೆವ್ ಹಾಕಿ ನೋಡಿ. ಹಾಕಲು ಹೋದರೆ, ಇರುವುದೇ ಅತಿ ಹೊಸದು ಎನ್ನುತ್ತದೆ ಪ್ಯಾಕೇಜ್ ಹಾಕಿಕೊಡುವ ಆಪ್ಟ್. ಇರುವುದು 1.73. ಇಬ್ಬರು ಹೇಳುವುದೂ ಸರಿಯೇ. 16.04ರ ಭಂಡಾರದಲ್ಲಿ ಅದಕ್ಕಿಂತ ಹೊಸದಿಲ್ಲ. ಇಂಥ ಕಡೆ ಆಪ್ಟ್ ಅನ್ನು ಮತ್ತೆ ಮತ್ತೆ ಕೇಳುತ್ತ ಕೂರಬಾರದು, ಲೈಬ್ರರಿಯನ್ನೂ ಸೋರ್ಸ್‌ನಿಂದಲೇ ಕಟ್ಟಬೇಕು.

ಲೆಪ್ಟೋನಿಕಾ 1.82 ಇಳಿಸಿ ಕಟ್ಟಿದೆ. ಅದಕ್ಕೂ ಮೊದಲು ಪಿಎನ್‌ಜಿ, ಜೆಪೆಗ್, ಟಿಫ್ ಎಂಬ ಮೂರು ಬಗೆಯ ಚಿತ್ರಗಳ ಡೆವ್ ಪ್ಯಾಕೇಜುಗಳನ್ನು (ಕಟ್ಟುವಾಗ ಬೇಕಾಗುವವು) ಹಾಕಿಕೊಂಡೆ. ಇದನ್ನು ಮರೆಯಬೇಡಿ. ಅವು ಇಲ್ಲದಿದ್ದರೂ ಬಿಲ್ಡ್ ಸುಮ್ನೆ ಮುಗಿಯುತ್ತದೆ, ಪುಟ ಓದಿಸುವಾಗ ಆ ಫಂಕ್ಷನ್ನೇ ಇಲ್ಲ ಎನ್ನುತ್ತದೆ. ಹಳೆಯ 1.73ನ್ನು ಕಿತ್ತುಹಾಕಲಿಲ್ಲ, ಇನ್ನೊಂದು ಪ್ರೋಗ್ರಾಂಗೆ ಅದು ಬೇಕು.

ಭಾನುವಾರ. ಟೆಸೆರಾಕ್ಟ್ ಕಾನ್ಫಿಗರ್ ತಕರಾರಿಲ್ಲದೆ ದಾಟಿತು. ಕೋಡನ್ನು ಕಟ್ಟುವ ಮೇಕ್ ಓಡುವಾಗ ಜೋರು ಮಳೆ, ಎರಡು ಸಲ ಕರೆಂಟು ಹೋಯಿತು. ಬ್ಯಾಟರಿ ಸತ್ತ ಲ್ಯಾಪ್‌ಟಾಪ್. ಎರಡನೇ ಸಲ ಅರ್ಧಕ್ಕೆ ನಿಂತ ಒಂದು ಆಬ್ಜೆಕ್ಟ್ ಫೈಲ್ (ಕಟ್ಟಿದ ಒಂದು ತುಂಡು) ಸೊನ್ನೆ ಗಾತ್ರದಲ್ಲಿ ಉಳಿದಿತ್ತು. ಮೇಕ್ ಅದನ್ನು ಮುಗಿದದ್ದೆಂದೇ ತಿಳಿದು ಮುಂದೆ ಹೋಗಿ ತುಂಡುಗಳನ್ನು ಜೋಡಿಸುವ ಲಿಂಕಿಂಗ್‌ನಲ್ಲಿ ಬಿತ್ತು. ಆ ಫೈಲ್ ಅಳಿಸಿ ಮತ್ತೆ ಮೇಕ್ ಕೊಟ್ಟೆ. ಸಂಜೆ ಇನ್‌ಸ್ಟಾಲ್ ಆಯಿತು.

ಓಡಿಸಿದರೆ ಲೈಬ್ರರಿ ಸಿಗುತ್ತಿಲ್ಲ ಎಂದಿತು. ಯಾವ ಲೈಬ್ರರಿ ಎಲ್ಲಿಂದ ಸಿಗುತ್ತಿದೆ ಎಂದು ತೋರಿಸುವ ಎಲ್‌ಡಿಡಿ ಹಾಕಿ ನೋಡಿದೆ. ಲಿಬ್‌ಟೆಸೆರಾಕ್ಟ್‌ನ ಸಾಲಿನಲ್ಲಿ ನಾಟ್ ಫೌಂಡ್. ಅದರ ಹತ್ತಿರವೇ ಲಿಬ್‌ಲೆಪ್ಟ್, ಅಂದರೆ ಲೆಪ್ಟೋನಿಕಾದ ಸಾಲು, ಅದು ಸಿಕ್ಕಿದೆ. ಅಬ್ಬ, ಒಂದಾದರೂ ಸರಿ ಇದೆ ಅಂದುಕೊಂಡೆ. ಆಮೇಲೆ ದಾರಿಯನ್ನು ಬೆರಳಿಟ್ಟು ಓದಿದೆ. ಯುಎಸ್‌ಆರ್, ಲಿಬ್. ನಾವೇ ಕಟ್ಟಿದ್ದು ಕೂರುವ ಲೋಕಲ್ ನಡುವೆ ಇಲ್ಲ! ಅಂದರೆ ಸಿಕ್ಕಿದ್ದು ಹಳೆಯ 1.73. ಹೊಸದಕ್ಕೂ ಹಳೆಯದಕ್ಕೂ ಫೈಲ್ ಹೆಸರು ಒಂದೇ, ಎರಡರ ಕೊನೆಯಲ್ಲೂ 5. ಕಟ್ಟುವಾಗ ಹೊಸದನ್ನು ತೋರಿಸಿದ್ದು ಪಿಕೆಜಿ-ಕಾನ್ಫಿಗ್. ಓಡಿಸುವಾಗ ಹುಡುಕಿ ಕೊಡುವುದು ಬೇರೆಯೇ ಲೋಡರ್, ಅದು ತನ್ನ ಹಳೆಯ ಪಟ್ಟಿ ನೋಡಿಯೇ ಕೊಡುತ್ತದೆ. ನಾಟ್ ಫೌಂಡ್ ಬಂದ ಸಾಲಿಗಿಂತ ಈ ಸಿಕ್ಕಿದ ಸಾಲೇ ನನಗೆ ಜಾಸ್ತಿ ಹೆದರಿಕೆ ಹುಟ್ಟಿಸಿತು, ಏಕೆಂದರೆ ಅದು ತಪ್ಪೆಂದು ಯಾರೂ ಹೇಳುವುದಿಲ್ಲ.

ಸುಡೊ ಎಲ್‌ಡಿಕಾನ್ಫಿಗ್ ಕೊಟ್ಟೆ. ಪಟ್ಟಿ ಹೊಸದಾಯಿತು, ಎರಡು ಸಾಲುಗಳೂ ಲೋಕಲ್‌ಗೆ ಬಂದವು. ವರ್ಷನ್ ಕೇಳಿದರೆ ಲೆಪ್ಟೋನಿಕಾ 1.82 ಎಂದಿತು. ಹಳೆಯ ಪ್ರೋಗ್ರಾಂಗೂ ಈಗ ಸಿಗುವುದು ಹೊಸ ಲೈಬ್ರರಿಯೇ. ಅದನ್ನೂ ತೆರೆದು ನೋಡಿದೆ, ತೊಂದರೆಯಿಲ್ಲ.

ರಾತ್ರಿ ಕನ್ನಡದ ಡೇಟಾ ಫೈಲ್ ಹಾಕಿ ಹನ್ನೆರಡನೇ ಪುಟ ಓದಿಸಿದೆ. ಪ ಮತ್ತು ವ ಕೆಲವು ಕಡೆ ಅದಲುಬದಲಾಗಿವೆ, ಗೆದ್ದಲು ತಿಂದ ಮೂಲೆಯಲ್ಲಿ ಏನೇನೋ ಚಿಹ್ನೆ. ಉಳಿದಂತೆ ಪದ್ಯ ಪದ್ಯವಾಗಿಯೇ ಬಂದಿದೆ. 28 ಪಾಯಿಂಟ್‌ನಲ್ಲಿ ಪ್ರಿಂಟ್ ತೆಗೆದು ಬೆಳಿಗ್ಗೆ ಚಿಕ್ಕಪ್ಪನಿಗೆ ಕೊಟ್ಟೆ. ಕನ್ನಡಕ ಹುಡುಕದೆ ಜಗಲಿಯಲ್ಲೇ ನಿಂತು ಎರಡು ಪದ್ಯ ಹಾಡಿದರು. ಮೂರನೆಯದರಲ್ಲಿ ಒಂದು ಅಕ್ಷರ ತಪ್ಪಿದೆ ಎಂದು ಪೆನ್ನು ಕೇಳಿದರು.