ಜಾಗನಾದ್ರೂ ಉಳಿಯುತ್ತೆ

"ತಾತ, ಇದೆಲ್ಲ ಕರಪ್ಟ್ ಆಗಿದೆ. ಡಿಲೀಟ್ ಮಾಡ್ಲಾ? ಜಾಗನಾದ್ರೂ ಉಳಿಯುತ್ತೆ."

"ಬೇಡ ಕಣೋ. ಅದರಲ್ಲಿ ನನ್ನ ಹದಿನಾಲ್ಕು ವರ್ಷ ಇದೆ."

ಈ ವಾರ ಪಕ್ಕದಲ್ಲೇ ಕೂತು ಕೇಳಿಸಿಕೊಂಡ ಈ ಎರಡು ಮಾತು ಇನ್ನೂ ಕಿವಿ ಬಿಟ್ಟು ಹೋಗಿಲ್ಲ. ನಿವೃತ್ತ ಮೇಷ್ಟ್ರು, ಅವರ ಅಣ್ಣನ ಮೊಮ್ಮಗ, ಹುಡುಗನ ಫೋನಿಗೆ ಸಿಕ್ಕಿಸಿದ ಒಂದು ಪೆನ್‌ಡ್ರೈವ್. ಅದರೊಳಗೆ 212 ವರ್ಡ್ ಫೈಲುಗಳು, 2003ರಿಂದ 2017ರವರೆಗೆ ಕೂಡಿಟ್ಟ ಬೇಸಾಯದ ಪದಗಳು. ಕೂರಿಗೆ, ಕುಂಟೆ, ಮೇಟಿ, ಮಿಣಿ, ಜತ್ತಿಗೆ, ಒಂದೊಂದಕ್ಕೂ ಅರ್ಥ, ಬಳಕೆ, ಯಾರ ಬಾಯಿಂದ ಕೇಳಿದ್ದು ಎಂಬ ಟಿಪ್ಪಣಿ. ಹುಡುಗ ತೆರೆದು ನೋಡಿದರೆ ಒಂದು ಅಕ್ಷರ ಕನ್ನಡವೂ ಇಲ್ಲ. ಪರದೆ ತುಂಬ ತಲೆಯ ಮೇಲೆ ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಪೌಂಡ್ ಹಣದ ಗುರುತು.

ಹುಡುಗ ಕೆಟ್ಟವನಲ್ಲ. ಫೋನಿನಲ್ಲಿ ಅವನ ಕೈ ಓಡುವ ವೇಗ ಕಂಡರೆ ಸಂತೋಷವೇ ಆಗುತ್ತದೆ. ಆದರೆ ಓದಲು ಬಾರದ್ದೆಲ್ಲ ಹಾಳಾಗಿದೆ ಎಂದು ತೀರ್ಮಾನಿಸುವ ಅವಸರವನ್ನು ಈ ಆಪ್‌ಗಳೇ ಅವನಿಗೆ ಕಲಿಸಿವೆ. ಜಾಗದ ಲೆಕ್ಕವನ್ನೇ ನೋಡಿ: 212 ಫೈಲುಗಳೂ ಸೇರಿ ಸುಮಾರು 9 ಎಂಬಿ. ಅದೇ ಫೋನಿನಲ್ಲಿ ತೆಗೆದ ಮೂರು ಫೋಟೊಗಳಿಗೆ ಅಷ್ಟು ಜಾಗ ಬೇಕು. ಹದಿನಾಲ್ಕು ವರ್ಷ ಅಳಿಸಿದ್ದರೆ ಉಳಿಯುತ್ತಿದ್ದದ್ದು ಮೂರು ಫೋಟೊಗಳ ಜಾಗ.

ಆ ಫೈಲುಗಳಲ್ಲಿ ಒಂದು ಚುಕ್ಕೆಯೂ ಕಳೆದಿರಲಿಲ್ಲ. ಮೊದಲ ಫೈಲಿನ ಮೊದಲ ಪದವನ್ನು ಹತ್ತಿರದಿಂದ ನೋಡೋಣ. ಅಲ್ಲಿದ್ದವು ಏಳು ಗುರುತುಗಳು: ಇಂಗ್ಲಿಷಿನ ದೊಡ್ಡ ಪಿ, ಓರೆಗೆರೆ ಹೊತ್ತ ದೊಡ್ಡ ಎ, ಪೌಂಡ್ ಗುರುತು, ಮತ್ತೆ ಅದೇ ಎ, ಜರ್ಮನ್ ಭಾಷೆಯಲ್ಲಿ ಬರುವ ಜೋಡಿ ಎಸ್, ಸಣ್ಣ ಕ್ಯೂ, ಮತ್ತೊಮ್ಮೆ ಅದೇ ಎ. ಇದು 'ಕನ್ನಡ' ಎಂಬ ಪದ. ಪಿ ಎಂದರೆ ತಲೆಕಟ್ಟಿಲ್ಲದ ಕ, ಪೌಂಡ್ ಎಂದರೆ ತಲೆಕಟ್ಟಿಲ್ಲದ ನ, ಜೋಡಿ ಎಸ್ ಎಂದರೆ ನ ಒತ್ತು, ಕ್ಯೂ ಎಂದರೆ ತಲೆಕಟ್ಟಿಲ್ಲದ ಡ. ಮೂರು ಸಲ ಬಂದ ಓರೆಗೆರೆಯ ಎ ತಲೆಕಟ್ಟು, ಮೂರು ಅಕ್ಷರಕ್ಕೆ ಮೂರು. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದ ಹಾಗೆ ಅಕ್ಷರವನ್ನು ತುಂಡು ಮಾಡಿ ಜೋಡಿಸಿದ್ದಾರೆ.

ಹೀಗೇಕೆ ಮಾಡಿದರು ಎಂದರೆ ಆಗ ಬೇರೆ ದಾರಿ ಇರಲಿಲ್ಲ. ಹಳೆಯ ಫಾಂಟುಗಳಲ್ಲಿ ಒಂದು ಅಕ್ಷರಕ್ಕೆ ಒಂದೇ ಬೈಟ್, ಅಂದರೆ ಒಟ್ಟು 256 ಮನೆಗಳು. ಅದರಲ್ಲಿ ಮೊದಲ 32 ಯಂತ್ರದ ಆಜ್ಞೆಗಳಿಗೇ ಮೀಸಲು. ಕಾಗುಣಿತ, ಒತ್ತಕ್ಷರ ಎಲ್ಲವನ್ನೂ ಇಡಿಯಾಗಿ ಇಡಲು ಹೋದರೆ ಆ ಮನೆಗಳು ಎಲ್ಲಿ ಸಾಕಾಗುತ್ತವೆ? ಹಾಗಾಗಿ ಅಕ್ಷರದ ಮೈ, ತಲೆಕಟ್ಟು, ಗುಡಿಸು, ಕೊಂಬು, ಒತ್ತು ಎಲ್ಲವನ್ನೂ ಬಿಡಿಬಿಡಿಯಾಗಿ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಮನೆಯಲ್ಲಿ ಕೂರಿಸಿದರು. ಕನ್ನಡ ಗಣಕ ಪರಿಷತ್ತಿನ ಬರವಣಿಗೆ ತಂತ್ರಾಂಶ 'ನುಡಿ', ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ ತಂದ ಅಂಥದ್ದೇ 'ಬರಹ', ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ಇವೆಲ್ಲ ಇಲ್ಲದಿದ್ದರೆ ಮೇಷ್ಟ್ರು 2003ರಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ಬರೆಯುತ್ತಲೇ ಇರಲಿಲ್ಲ. ವಿಂಡೋಸ್ ಎಕ್ಸ್‌ಪಿ 2001ರಲ್ಲಿ 'ತುಂಗಾ' ಫಾಂಟಿನೊಂದಿಗೆ ಯೂನಿಕೋಡ್ ಕನ್ನಡ, ಅಂದರೆ ಕನ್ನಡದ ಅಕ್ಷರಗಳಿಗೆ ಅವುಗಳದ್ದೇ ಮನೆ ಕೊಡುವ ಸಂಕೇತ, ತಂದಿತಾದರೂ ಅದು ಜನರ ಕೈಗೆ ಹತ್ತಲು ಬಹಳ ಕಾಲ ಹಿಡಿಯಿತು. ಹಳೆಯ ಫಾಂಟು ಮಾಡಿದವರನ್ನು ಈಗ ಕೂತು ಬೈಯುವವರ ಜೊತೆ ಸೇರಲು ಮನಸ್ಸಾಗುವುದಿಲ್ಲ. ಕನ್ನಡವನ್ನು ಆ ಇಪ್ಪತ್ತು ವರ್ಷ ಕಾಪಾಡಿದ್ದು ಅವರ ಕೆಲಸ.

ತಪ್ಪು ನಡೆದದ್ದು ಆಮೇಲೆ. ಮೇಷ್ಟ್ರ ಹಳೆಯ ಕಂಪ್ಯೂಟರ್ ಬದಲಿಸಿಕೊಟ್ಟವರು ಫೈಲುಗಳನ್ನಷ್ಟೇ ಪೆನ್‌ಡ್ರೈವಿಗೆ ತುಂಬಿ ಕೊಟ್ಟರು, ಫಾಂಟುಗಳನ್ನು ಬಿಟ್ಟರು. ಫೈಲಿನಲ್ಲಿ ಇರುವುದು ಪಿ, ಪೌಂಡ್, ಕ್ಯೂ ಮಾತ್ರ. ಅದು ಕನ್ನಡವಾಗಿ ಕಾಣುವುದು ಫಾಂಟಿನ ಬಲದಿಂದ. ಫಾಂಟು ಹೋಯಿತೆಂದರೆ ಒಳಗಿನ ಇಂಗ್ಲಿಷ್ ಮನೆಗಳು ಹೊರಗೆ ಬರುತ್ತವೆ.

ಇಲ್ಲಿ ಒಂದು ವಿಷಯ ಪ್ರತಿ ಮನೆಯಲ್ಲೂ ಗೊತ್ತಿರಬೇಕು. ಪರದೆಯ ಮೇಲೆ ಕಾಣುವ ಗೋಜಲೆಲ್ಲ ಒಂದೇ ಜಾತಿಯದಲ್ಲ. ಗೆರೆ ಹೊತ್ತ ದೊಡ್ಡ ಎ ಸಾಲುಸಾಲಾಗಿ ಕಂಡರೆ ಅದು ನುಡಿ ಅಥವಾ ಬರಹದ ಹಳೆಯ ಸಂಕೇತ, ಪೂರ್ತಿ ವಾಪಸ್ ಬರುತ್ತದೆ. ಗೆರೆ ಹೊತ್ತ ಸಣ್ಣ ಎ, ಅದರ ಪಕ್ಕ ಮೇಲೇರಿದ ಪುಟ್ಟ 2 ಅಥವಾ 3 ಮತ್ತೆ ಮತ್ತೆ ಬಂದರೆ ಅದು ಯೂನಿಕೋಡ್ ಕನ್ನಡವೇ. ಆಪ್ ಅದನ್ನು ತಪ್ಪು ಸಂಕೇತದಲ್ಲಿ ಓದುತ್ತಿದೆ. ತೆರೆಯುವಾಗ ಯೂನಿಕೋಡ್ ಬರಹದ ಸಂಕೇತವಾದ ಯುಟಿಎಫ್-8 ಎಂದು ಆರಿಸಿದರೆ ಸಾಕು. ಖಾಲಿ ಚೌಕಗಳು ಕಂಡರೆ ಬರಹ ಸರಿಯಾಗಿದೆ, ಆ ಸಾಧನದಲ್ಲಿ ಕನ್ನಡ ಫಾಂಟಿಲ್ಲ ಅಷ್ಟೇ. ನೋಟೊ ಸಾನ್ಸ್ ಕನ್ನಡದಂಥ ಒಂದು ಫಾಂಟು ಹಾಕಿದರೆ ಮುಗಿಯಿತು. ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ ಮಾತ್ರ ನಿಜವಾದ ಕೆಡುಕು. ಯೂನಿಕೋಡ್ ಬರಹವನ್ನು ನೋಟ್‌ಪ್ಯಾಡಿನಲ್ಲಿ 'ಆನ್ಸಿ' (ಕನ್ನಡಕ್ಕೆ ಮನೆಯಿಲ್ಲದ ಹಳೆಯ ಸಂಕೇತ) ಎಂದು ಉಳಿಸಿದರೆ ಪ್ರತಿ ಅಕ್ಷರದ ಜಾಗಕ್ಕೂ ಒಂದೊಂದು ಪ್ರಶ್ನೆ ಚಿಹ್ನೆ ಬಂದು ಕೂರುತ್ತದೆ. ಅದರ ಹಿಂದೆ ಮೂಲ ಅಕ್ಷರ ಉಳಿದಿರುವುದಿಲ್ಲ, ಬೇರೆ ಪ್ರತಿಯಿದ್ದರೆ ಮಾತ್ರ ಬಚಾವ್.

ಹುಡುಗ ಕಂಡದ್ದು ಮೊದಲನೆಯದು. ಅವನು ಅಳಿಸಲು ಹೊರಟದ್ದು ಪೂರ್ತಿ ವಾಪಸ್ ಬರುವಂಥದ್ದನ್ನು.

"ನುಡಿ ಫಾಂಟ್ ಹಾಕಿಕೊಳ್ಳಿ, ಸರಿಹೋಗುತ್ತೆ" ಎಂದು ಸಲಹೆ ಕೊಡುವವರು ಬಹಳ ಮಂದಿ. ಅದು ಅರ್ಧ ಔಷಧಿ. ಕಂಪ್ಯೂಟರಿನಲ್ಲಿ ಕಣ್ಣಿಗೆ ಕಾಣುತ್ತದೆ ನಿಜ. ಆದರೆ ಅದೇ ಸಾಲನ್ನು ಎತ್ತಿ ವಾಟ್ಸಾಪ್‌ಗೆ ಹಾಕಿದರೆ ಮತ್ತೆ ಪೌಂಡ್, ಕ್ಯೂ. 'ಕೂರಿಗೆ' ಎಂದು ಹುಡುಕಿದರೆ ಸೊನ್ನೆ ಉತ್ತರ. ಅಕಾರಾದಿಯಾಗಿ ಜೋಡಿಸು ಎಂದರೆ ಇಂಗ್ಲಿಷ್ ಮನೆಗಳ ಕ್ರಮದಲ್ಲಿ ಜೋಡಿಸುತ್ತದೆ. ಪದಕೋಶ ಮಾಡಿದ ಮೇಷ್ಟ್ರಿಗೆ ಅದು ಯಾವ ಉಪಯೋಗಕ್ಕೆ? ಯೂನಿಕೋಡಿಗೆ ತರಲೇಬೇಕು.

ಮಾಡುವ ಕ್ರಮ ಹೀಗೆ. ಮೊದಲು ಇಡೀ ಫೋಲ್ಡರಿನ ನಕಲು ತೆಗೆದು ಮೂಲವನ್ನು ಪಕ್ಕಕ್ಕೆ ಇಡಬೇಕು. ಫೋನಿನಲ್ಲಿ ತೆರೆದು 'ಸೇವ್' ಒತ್ತಲೇಬಾರದು. ಕೆಲವು ಆಪ್‌ಗಳು ಗೊತ್ತಿಲ್ಲದ ಫಾಂಟಿನ ಹೆಸರನ್ನೇ ತೆಗೆದುಹಾಕುತ್ತವೆ, ಮುಂದಿನ ಕೆಲಸಕ್ಕೆ ಆ ಹೆಸರೇ ಆಧಾರ. ಆಮೇಲೆ ಕಂಪ್ಯೂಟರಿನ ವರ್ಡ್‌ನಲ್ಲಿ ತೆರೆದು ಒಂದು ಪದದ ಮೇಲೆ ಕರ್ಸರ್ ಇಟ್ಟು ಫಾಂಟ್ ಪಟ್ಟಿಯಲ್ಲಿ ಯಾವ ಹೆಸರಿದೆ ನೋಡಬೇಕು. ಫಾಂಟು ಯಂತ್ರದಲ್ಲಿ ಇಲ್ಲದಿದ್ದರೂ ಹೆಸರು ಅಲ್ಲಿ ಇರುತ್ತದೆ. ನುಡಿ ಅಥವಾ ಬಿಆರ್‌ಎಚ್ (ಬರಹದ ಫಾಂಟುಗಳ ಗುರುತು) ಎಂದು ಶುರುವಾದರೆ ಹಳೆಯ ಸಂಕೇತವನ್ನು ಯೂನಿಕೋಡಿಗೆ ಬದಲಿಸುವ ಸಾಧನ, ಅಂದರೆ ಪರಿವರ್ತಕ, ಸುಲಭವಾಗಿ ಸಿಗುತ್ತದೆ. ನುಡಿ, ಬರಹ ಎರಡೂ ತಂತ್ರಾಂಶಗಳ ಜೊತೆಯಲ್ಲೇ ಇದೆ, ಬ್ರೌಸರಿನಲ್ಲಿ ನಡೆಯುವಂಥವೂ ಇವೆ. ಶ್ರೀಲಿಪಿ ಎಂಬ ಇನ್ನೊಂದು ತಂತ್ರಾಂಶದ ಫಾಂಟಾದರೆ ಮನೆಗಳ ಹಂಚಿಕೆಯೇ ಬೇರೆ, ನುಡಿಯ ಪರಿವರ್ತಕಕ್ಕೆ ಕೊಟ್ಟರೆ ಅರ್ಥವಿಲ್ಲದ ಕನ್ನಡ ಹೊರಬರುತ್ತದೆ.

ಪರಿವರ್ತಕದ ಕೆಲಸ ಒಂದಕ್ಕೊಂದು ಅಕ್ಷರ ಬದಲಿಸುವುದಷ್ಟೇ ಅಲ್ಲ. 'ಕರ್ನಾಟಕ' ತೆಗೆದುಕೊಳ್ಳಿ. ಹಳೆಯ ಸಂಕೇತದಲ್ಲಿ ಕಣ್ಣಿಗೆ ಕಾಣುವ ಕ್ರಮವೇ ಕ್ರಮ: ಕ, ನಾ, ಆಮೇಲೆ ಅರ್ಕಾವೊತ್ತು. ಯೂನಿಕೋಡಿನಲ್ಲಿ ಬಾಯಿಗೆ ಬರುವ ಕ್ರಮ: ಕ, ರ, ಹಲಂತ (ರ ಅನ್ನು ರ್ ಮಾಡುವ ಗುರುತು), ನ, ದೀರ್ಘ. ಅಂದರೆ ನಾ ಆದ ಮೇಲೆ ಕೂತ ಅರ್ಕಾವೊತ್ತನ್ನು ಎತ್ತಿ ನಾ ಮುಂಚೆ ಕೂರಿಸಬೇಕು. ಪರಿವರ್ತಕಗಳು ಎಡವುವುದು ಇಂಥ ಕಡೆಯೇ. ಅದಕ್ಕೇ ಮೊದಲು ಒಂದೇ ಪುಟ ಪರಿವರ್ತಿಸಿ ಸ್ತ್ರೀ, ಶಾಸ್ತ್ರ, ಕೃಷ್ಣ, ಜ್ಞಾನ, ಐಶ್ವರ್ಯ ಇಂಥ ಪದಗಳನ್ನು ಕಣ್ಣಿಟ್ಟು ನೋಡಬೇಕು. ಇವು ಸರಿ ಬಂದರೆ ಮಿಕ್ಕದ್ದು ಬಹುಪಾಲು ಸರಿ. ಎಲ್ಲ ಮುಗಿದ ಮೇಲೆ ಗೆರೆ ಹೊತ್ತ ಎ ಎಲ್ಲಾದರೂ ಉಳಿದಿದೆಯೇ ಎಂದು ಫೈಲಿನಲ್ಲಿ ಹುಡುಕಿದರೆ ತಪ್ಪಿದ ಜಾಗಗಳು ತಾವಾಗಿಯೇ ಸಿಗುತ್ತವೆ. ಟೈಪ್ ಮಾಡುವಾಗ ಅಕ್ಷರಕ್ಕೂ ಅದರ ದೀರ್ಘಕ್ಕೂ ನಡುವೆ ಒಂದು ಖಾಲಿ ಜಾಗ ಬಿದ್ದಿದ್ದರೆ ಸಾಮಾನ್ಯವಾಗಿ ಹೀಗೆ ಉಳಿಯುತ್ತದೆ.

ಮೇಷ್ಟ್ರ ಫೈಲಿನಲ್ಲಿ ಇನ್ನೊಂದು ತೊಡಕಿತ್ತು. ಬೆಳೆಗಳ ಸಸ್ಯಶಾಸ್ತ್ರದ ಹೆಸರುಗಳನ್ನು ಅವರು ಇಂಗ್ಲಿಷ್ ಲಿಪಿಯಲ್ಲೇ ಬರೆದಿದ್ದರು. ರಾಗಿಯ ಪಕ್ಕ ಎಲ್ಯೂಸಿನ್ ಕೊರಕಾನ. ಪರಿವರ್ತಕಕ್ಕೆ ಪಿ ಎಂದರೆ ಕ, ಅದು ನಿಜವಾದ ಇಂಗ್ಲಿಷೋ ವೇಷ ಹಾಕಿದ ಕನ್ನಡವೋ ಗೊತ್ತಾಗುವುದಿಲ್ಲ. ಫಾಂಟಿನ ಹೆಸರು ಕೈಹಿಡಿಯುವುದು ಇಲ್ಲಿ. ವರ್ಡ್‌ನಲ್ಲಿ ಫಾಂಟ್ ಆಧಾರದ ಮೇಲೆ ಹುಡುಕಿ, ಟೈಮ್ಸ್ ನ್ಯೂ ರೋಮನ್‌ನಲ್ಲಿರುವುದನ್ನು ಬಿಟ್ಟು ನುಡಿಯಲ್ಲಿರುವುದನ್ನಷ್ಟೇ ಪರಿವರ್ತಿಸಬೇಕು. 212 ಫೈಲಿಗೆ ಇದು ಬೇಸರದ ಕೆಲಸ. ಆದರೂ ಮಾಡಲೇಬೇಕಾದ ಕೆಲಸ.

ಅಂದಿನಿಂದ ತಲೆ ತಿನ್ನುತ್ತಿರುವುದು ಈ 212 ಫೈಲುಗಳಲ್ಲ. ಇಪ್ಪತ್ತು ಇಪ್ಪತ್ತೈದು ವರ್ಷಗಳ ಕನ್ನಡ ಹೀಗೇ ವೇಷದಲ್ಲಿ ಕೂತಿದೆ. ಪ್ರಕಾಶಕರ ಪುಟ ವಿನ್ಯಾಸದ ಫೈಲುಗಳು, ಪಿಎಚ್‌ಡಿ ಪ್ರಬಂಧಗಳು, ಸ್ಮರಣ ಸಂಚಿಕೆಗಳು, ಕಚೇರಿಗಳ ಸುತ್ತೋಲೆಗಳು. ಪಿಡಿಎಫ್ ತೆರೆದರೆ ಚಂದದ ಕನ್ನಡ, ಒಂದು ಸಾಲು ಕಾಪಿ ಮಾಡಿದರೆ ಪೌಂಡ್ ಗುರುತು. ಹುಡುಕುವ ಯಂತ್ರದ ಕಣ್ಣಿಗೆ ಅದು ಕನ್ನಡವೇ ಅಲ್ಲ. ಕುರುಡರಿಗೆ ಓದಿ ಹೇಳುವ ತಂತ್ರಾಂಶ ಅಲ್ಲಿ ಪಿ, ಎ, ಪೌಂಡ್ ಎಂದೇ ಓದುತ್ತದೆ. ಮುದ್ರಣಕ್ಕೆ ಹಳೆಯ ಫಾಂಟೇ ಬೇಕು ಎನ್ನುವವರ ಕಷ್ಟ ಒಂದು ಕಾಲಕ್ಕೆ ನಿಜವಾಗಿತ್ತು, ಪುಟ ವಿನ್ಯಾಸದ ಹಳೆಯ ತಂತ್ರಾಂಶ ಪೇಜ್‌ಮೇಕರಿಗೆ ಕನ್ನಡದ ಒತ್ತಕ್ಷರ ಕೂರಿಸಲು ಬರುತ್ತಿರಲಿಲ್ಲ. ಇಂದಿನ ಇನ್‌ಡಿಸೈನ್‌ಗೆ ಬರುತ್ತದೆ. ಈಗಲೂ ಹೊಸ ಬರಹವನ್ನು ಆ ವೇಷದಲ್ಲೇ ಹುಟ್ಟಿಸುವುದನ್ನು ಕಂಡರೆ ಸಿಟ್ಟು ಬರುತ್ತದೆ.

ಯೂನಿಕೋಡಿನಲ್ಲಿ ಬರೆಯುವವರಾದ ನಾವೂ ಎಚ್ಚರವಾಗಿರಬೇಕು. ಅರ್ಕಾವೊತ್ತು ಹಾಕಲು ಗೊತ್ತಾಗದೆ ಕನ್ನಡದ ಒಂಬತ್ತನ್ನು ಹಾಕಿ 'ಕನಾ೯ಟಕ' ಎಂದು ಬರೆಯುವವರು ಎಷ್ಟು ಮಂದಿ! ಸೊನ್ನೆಯ ಅಂಕಿಯನ್ನೇ ಅನುಸ್ವಾರ ಮಾಡಿಕೊಂಡವರೂ ಇದ್ದಾರೆ. ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ, ಹುಡುಕಿದರೆ ಸಿಗುವುದಿಲ್ಲ. ಸರಿಯಾದ ದಾರಿ ರ, ಹಲಂತ, ನ. 'ಟ್ರ್ಯಾಕ್ಟರ್‌ಗೆ' ಎನ್ನುವಾಗ ರ್ ಮತ್ತು ಗೆ ನಡುವೆ ಕಾಣದ ಒಂದು ತಡೆಗುರುತು ಬೇಕು. ಅದಿಲ್ಲದಿದ್ದರೆ 'ಟ್ರ್ಯಾಕ್ಟರ್ಗೆ' ಎಂದು ಅರ್ಕಾವೊತ್ತು ಬಂದುಬಿಡುತ್ತದೆ.

ಮೊದಲ ಹತ್ತು ಫೈಲು ಮುಗಿದಾಗ ಅದೇ ಹುಡುಗನ ಫೋನಿಗೇ ಕಳಿಸಿದ್ದಾಯಿತು. ಅವನೇ 'ಕೂರಿಗೆ' ಎಂದು ಹುಡುಕಿದ, ನಾಲ್ಕು ಕಡೆ ಹಳದಿ ಬಣ್ಣ ಹೊತ್ತಿತು. ಫೋನನ್ನು ತಾತನ ಕೈಗೆ ಕೊಟ್ಟ. ಮೇಷ್ಟ್ರು ಎರಡು ಬೆರಳಿನಿಂದ ಅಕ್ಷರ ಹಿಗ್ಗಿಸಿಕೊಂಡು ಬಹಳ ಹೊತ್ತು ಓದಿದರು. ಆಮೇಲೆ ಫೋನನ್ನು ಅವನ ಕಡೆ ತಿರುಗಿಸಿ ಒಂದು ಜಾಗ ತೋರಿಸಿದರು.

"ಇಲ್ಲಿ ನೋಡು, ಜತಿಗೆ ಅಂತ ಬಿದ್ದಿದೆ. ಅದು ಯಂತ್ರದ ತಪ್ಪಲ್ಲ, ನಂದೇ. ತ ಒತ್ತು ಹಾಕು."

ಹುಡುಗ ಹಾಕಿದ.